ಹರಿಯುವ ನೀರಿಗೆ ಮೈಲಿಗೆಯಿಲ್ಲ

ನನಗೆ ಈಜು ಬರುವುದಿಲ್ಲ ಎಂದರೆ ಪೇಟೆಯಲ್ಲಿ ಹುಟ್ಟಿ ಬೆಳೆದವರು ನಂಬುವುದೇ ಇಲ್ಲ. ‘ಹಳ್ಳಿಯವರಾಗಿ ಈಜು ಬರಲ್ವಾ ಮೇಡಂ? ನಿಮಗೇನು ಕಮ್ಮಿ, ಕೆರೆ, ಬಾವಿ, ಕಾಲುವೆ ಎಲ್ಲಾ ಮನೆ ಮುಂದೇನೇ ಇರುತ್ತಲ್ಲ’ ಎನ್ನುತ್ತಾರೆ. ನಾನು ಪಾಠ ಮಾಡುವ ಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರೊಬ್ಬರು ಮೈಸೂರಿನವರು. ಅವರೂ ಒಮ್ಮೆ ಹೀಗೇ ಅಂದರು. ‘ಇರುತ್ತೆ ಸಾರ್. ನಿಮ್ಮ ಮನೆ ಮುಂದೆ ಬ್ಯಾಂಕೂ ಇದೆಯಲ್ಲ, ಒಳಗಿರೋದೆಲ್ಲ ನಿಮ್ಮದಾ?’ ಎಂದುಬಿಟ್ಟೆ. ಅವರು ನಕ್ಕರು. ಅರ್ಥವಾಗಿ ನಕ್ಕರೋ ಆಗದೆ ನಕ್ಕರೋ ತಿಳಿಯಲಿಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಅದು ಇಡೀ ಯಳಂದೂರಿಗೆ ಗೊತ್ತು.

ನಮ್ಮೂರು ಕೊಳ್ಳೇಗಾಲದಿಂದ ಧನಗೆರೆ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿ. ನೀರಿಗೆ ಬರವಿದ್ದ ಊರಲ್ಲ. ಪಕ್ಕದಲ್ಲೇ ಕಾಲುವೆ, ಮೇಲಿನ ಬೀದಿಯ ಯಜಮಾನರ ಗದ್ದೆಯ ತಲೆಯಲ್ಲಿ ಕಲ್ಲು ಕಟ್ಟಿದ ದೊಡ್ಡ ಮೆಟ್ಟಿಲು ಬಾವಿ. ಮೇಲಿನ ಬೀದಿಯ ಗಂಡುಮಕ್ಕಳೆಲ್ಲ ಈಜು ಕಲಿತದ್ದು ಆ ಬಾವಿಯಲ್ಲಿ. ಭಾನುವಾರ ಬಂತೆಂದರೆ ಒಣಗಿದ ಸೋರೆಬುರುಡೆಯನ್ನು ಹುಡುಗನ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ನೀರಿಗೆ ತಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಚಿಕ್ಕಪ್ಪನೋ ದೊಡ್ಡಪ್ಪನೋ ಹಗ್ಗದ ತುದಿ ಹಿಡಿದು ನಿಂತಿರುತ್ತಿದ್ದರು. ಹುಡುಗ ಮುಳುಗಿದರೆ ಎಳೆಯುವುದು, ತೇಲಿದರೆ ಸಡಿಲ ಬಿಡುವುದು. ಒಂದು ವಾರ ಬುರುಡೆ, ಆಮೇಲೆ ಬರೀ ಹಗ್ಗ, ಆಮೇಲೆ ಹಗ್ಗವೂ ಇಲ್ಲ. ನಾವು ಕೆಳಗಿನ ಬೀದಿಯ ಮಕ್ಕಳು. ಹೊಲಗೇರಿ ಎಂದು ಆಗಿನವರು ಬಾಯಿ ತುಂಬ ಕರೆಯುತ್ತಿದ್ದರು, ಈಗ ಬೋರ್ಡಿನಲ್ಲಿ ಬಡಾವಣೆ ಎಂದಾಗಿದೆ. ನಾವು ಎರಡು ಗದ್ದೆ ಆಚೆಯ ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದೆವು. ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ತಮಾಷೆಯೆಂದರೆ, ಆ ಬಾವಿಯ ಹೂಳು ಎತ್ತುತ್ತಿದ್ದವರು ನಮ್ಮಪ್ಪ ಮತ್ತು ನಮ್ಮ ಬೀದಿಯ ಗಂಡಸರು. ಬೇಸಿಗೆಯ ಕೊನೆಗೆ ನೀರು ತಳ ಮುಟ್ಟಿದಾಗ ಯಜಮಾನರ ಮನೆಯಿಂದ ಕರೆ ಬರುತ್ತಿತ್ತು. ಅಪ್ಪ ಆ ಮೆಟ್ಟಿಲುಗಳ ಮೇಲೆ ಮಂಕರಿ ಹೊತ್ತು ಹತ್ತಿ ಇಳಿದು ಸಂಜೆ ಹೊತ್ತಿಗೆ ಮೈಯೆಲ್ಲ ಕೆಸರಾಗಿ ಮನೆಗೆ ಬರುತ್ತಿದ್ದ. ಹೂಳೆಲ್ಲ ಎತ್ತಿ ಊಟೆ ಚಿಮ್ಮಿ ನೀರು ಮೇಲೇರಲು ಶುರುವಾದರೆ ಅರಿಸಿನ ಕುಂಕುಮ ಹಾಕಿ ಪೂಜೆ ಮಾಡುತ್ತಿದ್ದರು. ಅಲ್ಲಿಂದಾಚೆಗೆ ಅಪ್ಪ ಆ ಬಾವಿಯ ಮೊದಲ ಮೆಟ್ಟಿಲನ್ನೂ ತುಳಿಯುವಂತಿರಲಿಲ್ಲ. ನೀರಿಲ್ಲದಾಗ ಬಾವಿ ನಮ್ಮದು, ನೀರು ಬಂದಾಗ ಅವರದು. ಆಗ ಇದು ನನಗೆ ವಿಚಿತ್ರ ಅನಿಸಿರಲಿಲ್ಲ. ಬೇಸಿಗೆ ಆದಮೇಲೆ ಮಳೆ ಬರುವಷ್ಟೇ ಸಹಜ ಅನಿಸಿತ್ತು.

ಹಾಗೆಂದು ಯಜಮಾನರು ಕೆಟ್ಟ ಮನುಷ್ಯರೇನಲ್ಲ. ಬೈದವರಲ್ಲ, ಹೊಡೆದವರಲ್ಲ. ನಮ್ಮ ಹುಡುಗರು ಆಸೆಗಣ್ಣಿನಿಂದ ಬಾವಿಯ ಕಡೆಗೆ ನೋಡುವುದನ್ನು ಕಂಡು ಒಂದು ದಿನ ಅವರೇ ಬದುವಿನ ಹತ್ತಿರ ಬಂದು ಹೇಳಿದರು: ‘ಹರಿಯೋ ನೀರಿಗ ಮೈಲಿಗೆ ಇಲ್ಲ ಕಣ್ರಲಾ. ಕಾಲುವೆಗ ಓಗಿ ಈಜ್ಕಳಿ, ಯಾರ್ ಬ್ಯಾಡ ಅಂದರು?’ ದೊಡ್ಡ ಉಪಕಾರ ಮಾಡಿದವರ ದನಿಯಲ್ಲಿ ಹೇಳಿದರು, ಹುಡುಗರೂ ಹಾಗೆಯೇ ತಿಳಿದು ಕುಣಿದಾಡಿದರು. ಈಜು ಕಲಿಯುವುದಕ್ಕೆ ಬೇಕಾದದ್ದು ನಿಂತ ನೀರು, ಕಾಲಿಡಲು ಮೆಟ್ಟಿಲು, ಹಗ್ಗ ಹಿಡಿಯಲು ಈಜು ಬಲ್ಲ ಒಬ್ಬ ದೊಡ್ಡವನು. ಕಾಲುವೆಯಲ್ಲಿ ಈ ಮೂರೂ ಇಲ್ಲ. ಪಾಚಿ ಹಿಡಿದ ಇಳಿಜಾರು ಕಲ್ಲು, ನೋಡುವುದಕ್ಕೆ ಮೆತ್ತಗೆ ಕಾಣುವ ಸೆಳೆತ, ಸ್ವಲ್ಪ ದೂರದಲ್ಲಿ ತೂಬು. ಈಜು ಬಂದವರು ಹೋಗಬೇಕಾದ ಜಾಗಕ್ಕೆ ಬಾರದವರನ್ನು ಕಳಿಸಿದ ಹಾಗಾಯಿತು. ಇವತ್ತಿಗೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ.

ಅಣ್ಣ ಆಗ ಏಳನೇ ಕ್ಲಾಸು, ನಾನು ನಾಲ್ಕನೆಯದು. ಬದುವಿನ ಮೇಲೆ ಕುಳಿತು ನೋಡಿ ನೋಡಿಯೇ ತನಗೆ ಈಜು ಬಂದಿದೆ ಎಂದು ಅವನು ತಿಳಿದಿದ್ದ. ಕೈ ಹೇಗೆ ಬೀಸಬೇಕು, ಕಾಲು ಹೇಗೆ ಬಡಿಯಬೇಕು ಎಂದು ಜಗಲಿಯ ಮೇಲೆ ಬೋರಲು ಮಲಗಿ ನನಗೆ ತೋರಿಸುತ್ತಿದ್ದ. ಒಂದು ಭಾನುವಾರ ಅವ್ವ ಕಳೆ ಕೀಳಲು ಹೋಗಿದ್ದಾಗ ಅಟ್ಟದ ಮೇಲಿದ್ದ ಸೋರೆಬುರುಡೆಯನ್ನು ಇಳಿಸಿದ. ಬೆನ್ನಿಗೆ ಕಟ್ಟು ಎಂದು ನನ್ನ ಕೈಗೆ ಹಗ್ಗ ಕೊಟ್ಟ. ಮೇಲಿನ ಬೀದಿಯವರು ಕಟ್ಟುತ್ತಿದ್ದ ಹಾಗೆಯೇ ಕಟ್ಟಿದೆ. ಆದರೆ ಅವರದು ಬಾಯಿ ಕೊರೆಯದ ಇಡೀ ಬುರುಡೆ. ನಮ್ಮದು ಬಿತ್ತನೆ ಬೀಜ ಇಡುವುದಕ್ಕೆಂದು ಬಾಯಿ ಕೊರೆದು ಬಟ್ಟೆ ತುರುಕಿದ ಬುರುಡೆ. ಎರಡು ಗದ್ದೆಯ ಆಚೆಯಿಂದ ನೋಡಿದವರಿಗೆ ಆ ವ್ಯತ್ಯಾಸ ಎಲ್ಲಿ ಕಾಣಬೇಕು? ಕಾಲುವೆಗೆ ಇಳಿದು ನಾಲ್ಕು ಸಲ ಕೈ ಬಡಿಯುವಷ್ಟರಲ್ಲಿ ಬುರುಡೆಗೆ ನೀರು ತುಂಬಿತು. ತೇಲಿಸಬೇಕಾದದ್ದೇ ಅವನನ್ನು ಒಳಗೆ ಎಳೆಯಿತು.

ನಾನು ದಡದಲ್ಲಿ ನಿಂತು ಕಿರುಚಿದೆ. ಅಲ್ಲೇ ಮೇಲುಗಡೆ ಎತ್ತು ತೊಳೆಯುತ್ತಿದ್ದ ಯಜಮಾನರ ಮಗ ಓಡಿ ಬಂದ. ಅವನಾಗ ಹೈಸ್ಕೂಲು. ಆ ಬಾವಿಯಲ್ಲೇ ಕಲಿತ ಹುಡುಗ. ಹಿಂದೆಮುಂದೆ ನೋಡದೆ ಹಾರಿ ಅಣ್ಣನ ಕೂದಲು ಹಿಡಿದು ದಡಕ್ಕೆ ಎಳೆದು ತಂದ. ಅಷ್ಟರಲ್ಲಿ ಯಜಮಾನರೂ ಬಂದರು, ಊರಿಗೆ ಊರೇ ಸೇರಿತು. ಅಣ್ಣನ ಮೈ ನೀಲಿಯಾಗಿತ್ತು. ಅವ್ವ ಕಳೆ ಕುಡುಗೋಲು ಕೈಯಲ್ಲಿ ಹಿಡಿದೇ ಓಡಿ ಬಂದು ಕೆಸರಿನಲ್ಲಿ ಮಂಡಿಯೂರಿ, ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈ ಮುಗಿದಳು. ‘ನನ್ ಮಗನ್ನ ಉಳಿಸ್ಕೊಡು ಮಾದಪ್ಪ. ನಮ್ಮನೆ ಮಕ್ಳು ಇನ್ನೆಂದೂ ನೀರ್ಗ ಇಳಿಯಕಿಲ್ಲ, ನಿನ್ನಾಣೆ.’ ಯಾರೋ ಅಣ್ಣನನ್ನು ಬೋರಲು ಹಾಕಿ ಬೆನ್ನು ಒತ್ತಿದರು. ಬಾಯಿಂದ ನೀರು ಬಂತು, ಆಮೇಲೆ ಕೆಮ್ಮು ಬಂತು. ಆ ಸಂಜೆಯೇ ಅವ್ವ ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ಮುಡಿಪು ಎಂದು ದೇವರ ಗೂಡಿನ ಮೇಲಿನ ತೊಲೆಗೆ ನೇತುಹಾಕಿದಳು.

ಅಣ್ಣನನ್ನು ಉಳಿಸಿದ ಹುಡುಗನನ್ನು ಅವರಜ್ಜಿ ಹಿತ್ತಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಹುಯ್ದು ಆಮೇಲೆ ಒಳಗೆ ಬಿಟ್ಟುಕೊಂಡಳಂತೆ. ಹರಿಯುವ ನೀರಿಗೆ ಮೈಲಿಗೆ ಇರಲಿಲ್ಲ, ನಮ್ಮಣ್ಣನ ಕೂದಲಿಗೆ ಇತ್ತು. ಇದನ್ನು ನಮಗೆ ಹೇಳಿದವಳು ಅವರ ಮನೆ ಕೊಟ್ಟಿಗೆ ಗುಡಿಸುತ್ತಿದ್ದ ನಮ್ಮ ಚಿಕ್ಕವ್ವ. ಅವ್ವ ಅದಕ್ಕೂ ಬೇಸರಪಡಲಿಲ್ಲ. ಪ್ರತಿವರ್ಷ ನಮ್ಮ ಹಿತ್ತಲಿನ ಮೊದಲ ಅವರೆಕಾಯಿಯನ್ನು ಅವರ ಬಾಗಿಲಿಗೆ ಇಟ್ಟು ಬರುತ್ತಿದ್ದಳು. ‘ನಮ್ಮುಡ್ಗ ಇಲ್ದಿದ್ರ ನಿನ್ ಮಗ ಇವತ್ತು ಎಲ್ಲಿರ್ತಿದ್ದ ಏಳು’ ಎಂದು ಮೇಲಿನ ಬೀದಿಯ ಯಾರು ಬೇಕಾದರೂ ಅವ್ವನನ್ನು ನಿಲ್ಲಿಸಿ ಕೇಳಬಹುದಿತ್ತು. ‘ಎಲ್ಲೂ ಇರ್ತಿರ್ನಿಲ್ಲ ಬುದ್ದಿ’ ಎಂದು ಅವ್ವ ತಲೆ ಬಾಗಿಸುತ್ತಿದ್ದಳು. ನನಗೆ ಆ ಹುಡುಗನ ಮೇಲೆ ಕೃತಜ್ಞತೆಯೂ ಇತ್ತು, ಸಿಟ್ಟೂ ಇತ್ತು. ಎರಡೂ ಒಂದೇ ಅಳತೆಯಲ್ಲಿದ್ದರೆ ಮನುಷ್ಯರು ಏನು ಮಾಡಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಹೀಗೆ ನಮ್ಮ ಮನೆಯಲ್ಲಿ ನೀರು ಎಂದರೆ ಬಿಂದಿಗೆಯಲ್ಲಿರುವುದು, ಚೊಂಬಿನಲ್ಲಿರುವುದು ಅಷ್ಟೇ ಆಯಿತು. ಅಣ್ಣ ಬೆಳೆದು ಸರ್ಕಾರಿ ಬಸ್ಸಿನ ಡ್ರೈವರಾದ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದಪ್ಪನ ಬೆಟ್ಟಕ್ಕೆ ಬಸ್ಸು ಓಡಿಸುತ್ತಾನೆ. ತಾಳಬೆಟ್ಟದ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್ ತಿರುಗಿಸುವ ಮನುಷ್ಯ, ಮುಖ ತೊಳೆಯುವಾಗ ಇವತ್ತಿಗೂ ಎರಡೂ ಕಣ್ಣು ಬಿಟ್ಟುಕೊಂಡೇ ತೊಳೆಯುತ್ತಾನೆ. ನಾನು ಓದಿ ಯಳಂದೂರಿನ ಕಡೆಯ ಹೈಸ್ಕೂಲಿನಲ್ಲಿ ಟೀಚರಾದೆ. ಮದುವೆಯಾಗಿ ಕೊಳ್ಳೇಗಾಲದಲ್ಲಿ ಮನೆ ಮಾಡಿದೆ. ಅಪ್ಪ ಹೋದಮೇಲೆ ಅವ್ವ ನನ್ನ ಜೊತೆಗೇ ಬಂದಳು. ಬರುವಾಗ ತೊಲೆಯ ಮೇಲಿನ ಮುಡಿಪನ್ನೂ ಬಿಚ್ಚಿ ತಂದು ನಮ್ಮ ದೇವರ ಮನೆಯ ಮೊಳೆಗೆ ಸಿಕ್ಕಿಸಿದಳು.

ಎರಡು ವರ್ಷದ ಹಿಂದೆ ಪಾಠದಲ್ಲಿ ನದಿಯ ಮಾತು ಬಂತು. ಸುಮ್ಮನೆ ಇರಲಾರದೆ, ‘ಈಜು ಬರೋರು ಕೈ ಎತ್ತಿ’ ಎಂದೆ. ಎತ್ತಿದ ಕೈಗಳನ್ನು ಒಂದೊಂದಾಗಿ ನೋಡಿದೆ. ಯಾರ ಮನೆಯಲ್ಲಿ ಗದ್ದೆ ಇದೆ, ಯಾರ ಮನೆಯಲ್ಲಿ ಬಾವಿ ಇದೆ ಎಂದು ಬೇರೆ ಕೇಳಬೇಕಾಗಿರಲಿಲ್ಲ. ನಮ್ಮ ಬೀದಿಯಂಥ ಬೀದಿಗಳಿಂದ ಬಂದ ಮಕ್ಕಳು ಕೈ ಕೆಳಗಿಟ್ಟುಕೊಂಡು ಪುಸ್ತಕ ನೋಡುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಒಬ್ಬಳೂ ಕೈ ಎತ್ತಿರಲಿಲ್ಲ, ಮೇಲಿನ ಬೀದಿಯ ಹುಡುಗಿಯರೂ ಸೇರಿ. ಬೆಟ್ಟದ ಮೇಲಿನ ಸೋಲಿಗರ ಹುಡುಗಿಯೊಬ್ಬಳು, ‘ನಮ್ಮ ಹಳ್ಳದಲ್ಲಿ ನೀರು ಮೊಣಕಾಲುದ್ದ ಮಿಸ್, ಈಜೋದೆಲ್ಲಿ’ ಎಂದಳು. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಬಾವಿಗಳು ಮುಚ್ಚಿಹೋಗಿ ಬೋರ್‌ವೆಲ್ ಬಂದು ಎಷ್ಟೋ ಕಾಲವಾಗಿದೆ, ಈಗ ಯಾರೂ ಯಾರನ್ನೂ ಬಾವಿಯಿಂದ ಓಡಿಸುವುದಿಲ್ಲ. ಆದರೆ ಈಜು ಬಾರದ ಅಪ್ಪ ಅಮ್ಮ ತಮ್ಮ ಮಕ್ಕಳನ್ನು ನೀರಿನ ಹತ್ತಿರ ಬಿಡುವುದಿಲ್ಲ, ಆ ಮಕ್ಕಳು ತಮ್ಮ ಮಕ್ಕಳನ್ನು ಬಿಡುವುದಿಲ್ಲ. ಅವರ ಮನೆಯಲ್ಲಿ ಗದ್ದೆ ವಂಶಪಾರಂಪರ್ಯವಾಗಿ ಬಂದರೆ ನಮ್ಮ ಮನೆಯಲ್ಲಿ ಹೆದರಿಕೆ ಬಂದಿತ್ತು. ಆ ಸಂಜೆ ಬಸ್ಸಿನಲ್ಲಿ ಬರುವಾಗಲೇ ನಿರ್ಧಾರ ಮಾಡಿದೆ, ನನ್ನ ಮಗಳು ಈಜು ಕಲಿಯಬೇಕು.

ಮಗಳು ಆಗ ಆರನೇ ಕ್ಲಾಸು. ಕೊಳ್ಳೇಗಾಲದ ಹೊರಗೆ ರಸ್ತೆ ಬದಿಯಲ್ಲಿ ಹೊಸದಾಗಿ ಈಜುಕೊಳ ಮಾಡಿದ್ದರು. ಭಾನುವಾರ ಬೆಳಗ್ಗೆ ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಕಲಿಸುವುದಕ್ಕೂ ಒಬ್ಬಳು ಹುಡುಗಿ. ಯಾರೇ ಆಗಲಿ ಷವರಿನ ಕೆಳಗೆ ಮೈ ತೊಳೆದುಕೊಂಡೇ ನೀರಿಗೆ ಇಳಿಯಬೇಕು ಎಂದು ಗೋಡೆಯ ಮೇಲೆ ಬರೆದಿತ್ತು. ಕೊನೆಗೂ ಎಲ್ಲರ ಮೈಯೂ ಮೈಲಿಗೆಯಾಯಿತಲ್ಲ ಎಂದು ಅದನ್ನು ಓದಿ ನನಗೆ ಒಳಗೊಳಗೇ ಖುಷಿಯಾಯಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಮುಚ್ಚಿಡುವ ಸ್ವಭಾವ ನನ್ನದಲ್ಲ.

ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ‘ನಿಮ್ಮಣ್ಣ ಬದುಕಿರದು ನಿಂಗ ಬ್ಯಾಡ್ವಾ?’ ಎಂದಳು.

‘ಅಣ್ಣಂಗೂ ಇದಕ್ಕೂ ಏನವ್ವ ಸಂಬಂಧ?’

‘ಮಾತು ಕೊಟ್ಟಿವ್ನಿ ಕಣವ್ವ. ಕೊಟ್ಟದ್ದ ಈಸ್ಕಂಡ್ರ ಮಾದಪ್ಪ ಅವ್ನು ಕೊಟ್ಟದ್ದ ಈಸ್ಕತನೆ.’

ಲೆಕ್ಕ ಅಷ್ಟು ಸರಳ. ಮಗ ದೇವರು ಹಿಂದಕ್ಕೆ ಕೊಟ್ಟ ಸಾಲದ ವಸ್ತು, ಮೊಮ್ಮಗಳು ನೀರಿಗೆ ಕಾಲಿಟ್ಟ ಗಳಿಗೆ ಅದು ವಾಪಸು ಹೋಗುತ್ತದೆ. ನಾನು ಮೂಢನಂಬಿಕೆ, ಮಣ್ಣುಮಸಿ ಎಂದು ಕೂಗಾಡಿದೆ. ಇಂಥ ಜಗಳಗಳಲ್ಲಿ ನನ್ನ ಗಂಡ ಪೇಪರಿನ ಹಿಂದೆ ಹೋಗಿ ಕೂರುವವನು, ಅವತ್ತೂ ಹಾಗೇ ಮಾಡಿದ. ಅಣ್ಣನಿಗೆ ಫೋನ್ ಮಾಡಿದರೆ, ‘ಕಲೀಲಿ ಬುಡು, ನಂಗೇನಾಗದು’ ಎಂದ. ಫೋನ್ ಇಡುವ ಮೊದಲು, ‘ನೀರು ಎಷ್ಟ್ ಆಳ ಅದ?’ ಎಂದೂ ಕೇಳಿದ.

ಮಗಳನ್ನು ಸೇರಿಸಿಯೇಬಿಟ್ಟೆ. ಅವ್ವ ಅಳಲಿಲ್ಲ, ಉಪವಾಸ ಕೂರಲಿಲ್ಲ. ಅವಳ ದಾರಿಯೇ ಬೇರೆ. ತಲೆಗೆ ಎಣ್ಣೆ ಹಚ್ಚಿದ್ದರೆ ಕೊಳಕ್ಕೆ ಬಿಡುವುದಿಲ್ಲ ಎಂದು ಮಗಳು ಬಾಯಿ ತಪ್ಪಿ ಹೇಳಿದ್ದಳು. ಮುಂದಿನ ಭಾನುವಾರ ನಾವು ಏಳುವಷ್ಟರಲ್ಲಿ ಅವ್ವ ಮೊಮ್ಮಗಳನ್ನು ಕೂರಿಸಿಕೊಂಡು ನೆತ್ತಿಯಿಂದ ಕಿವಿಯವರೆಗೆ ಹರಳೆಣ್ಣೆ ತಟ್ಟಿ ಮುಗಿಸಿದ್ದಳು. ಎರಡು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ‘ಕಣ್ಣಿಗ ತಂಪು ಕಣವ್ವ’ ಎಂದು ಮುಖ ಆಚೆ ತಿರುಗಿಸಿದಳು. ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ. ಅಲ್ಲಿಂದ ಮುಂದೆ ಶನಿವಾರ ಸಂಜೆಯಿಂದಲೇ ಎಣ್ಣೆ ಬಾಟಲಿ ನನ್ನ ಬೀರುವಿನೊಳಗೆ ಸೇರಿತು.

ಎಣ್ಣೆ ತಪ್ಪಿದ ಮೇಲೆ ಫೋನು ಹಿಡಿದಳು. ಮಗಳು ಕೊಳಕ್ಕೆ ಹೋದ ಹೊತ್ತಿಗೆ ಸರಿಯಾಗಿ ಅಣ್ಣನಿಗೆ ಫೋನ್. ಅವನು ಬಸ್ಸು ಓಡಿಸುವಾಗ ಎತ್ತುವಂತಿಲ್ಲ, ಹಾಗಾಗಿ ಕಂಡಕ್ಟರ್ ಎತ್ತುತ್ತಿದ್ದ. ‘ಅಜ್ಜಿ, ನಿಮ್ ಮಗ ಚೆನ್ನಾಗವ್ರೆ, ಮಧುವನಹಳ್ಳಿ ದಾಟುದ್ವಿ.’ ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ‘ಅಜ್ಜಿ, ಹನೂರಲ್ಲಿ ಕಾಫಿ ಕುಡೀತಾವ್ರೆ, ಕೊಡ್ಲಾ?’ ಪಾಪದ ಕಂಡಕ್ಟರ್, ಟಿಕೆಟ್ ಹರಿಯುತ್ತಾ ನಮ್ಮಣ್ಣ ಜೀವಂತ ಇದ್ದಾನೆಂದು ಊರೂರಿಗೂ ಸಾಕ್ಷಿ ಹೇಳುತ್ತಿದ್ದ. ಬೆಟ್ಟದ ತಿರುವುಗಳ ಬಗ್ಗೆ ಅವ್ವನಿಗೆ ಯಾವತ್ತೂ ಭಯವಿರಲಿಲ್ಲ. ಅವಳ ಭಯವೆಲ್ಲ ಕೊಳ್ಳೇಗಾಲದ ಆ ನೀಲಿ ಟೈಲ್ಸಿನ ನೀರಿನಲ್ಲಿತ್ತು.

ಒಂದು ಭಾನುವಾರ ಫೋನು ಹೋಗಲಿಲ್ಲ. ಕೌದಳ್ಳಿಯಿಂದಾಚೆಗೆ ಕಾಡಿನಲ್ಲಿ ಸಿಗ್ನಲ್ ಸಿಗುವುದು ಅಷ್ಟರಲ್ಲೇ ಇದೆ, ಅದು ಎಲ್ಲರಿಗೂ ಗೊತ್ತು. ಅವ್ವನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಎದೆ ಬಡಿದುಕೊಳ್ಳುವುದು ಬೇರೆ. ನಾನು ಕೊಳದ ಪಕ್ಕದ ಬೆಂಚಿನಲ್ಲಿ ಕುಳಿತಿದ್ದೆ. ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ನೋಡಿದರೆ ಅವ್ವ, ಬರಿಗಾಲಿನಲ್ಲಿ, ಸೆರಗು ನೆಲದ ಮೇಲೆ ಎಳೆಯುತ್ತಾ ಓಡಿ ಬರುತ್ತಿದ್ದಾಳೆ. ‘ಮ್ಯಾಕ್ಕೆ ಬಾರವ್ವಾ! ನಿಮ್ ಮಾವ ಓಯ್ತನೆ, ಮ್ಯಾಕ್ಕೆ ಬಾ!’ ಎಂದು ಕೂಗಿದ ಕೂಗಿಗೆ ಇಡೀ ಕೊಳ ತಿರುಗಿ ನೋಡಿತು. ನಾನು ಓಡಿ ಅವಳನ್ನು ಹಿಡಿದುಕೊಂಡೆ.

ತಮ್ಮ ಮಗಳನ್ನು ಬಿಡಲು ಬಂದಿದ್ದ ಒಬ್ಬರು ಅಲ್ಲೇ ನೆರಳಿನಲ್ಲಿ ಫೋನ್ ನೋಡುತ್ತಾ ಕುಳಿತಿದ್ದರು. ಎದ್ದು ಬಂದು, ‘ಏನಮ್ಮ, ನೀನಾ?’ ಎಂದರು. ಅವ್ವ ಆ ಗಾಬರಿಯಲ್ಲೂ ಕೈ ಮುಗಿದು ‘ಬುದ್ದೀ’ ಎಂದಾಗ ಗುರುತು ಸಿಕ್ಕಿತು. ಅದೇ ಯಜಮಾನರ ಮಗ. ತಲೆ ಬೆಳ್ಳಗಾಗಿದೆ, ಹೊಟ್ಟೆ ಬಂದಿದೆ. ಅವರ ಕಿರಿಯ ಮಗಳೂ ನಮ್ಮ ಹುಡುಗಿಯ ಜೊತೆ ಅದೇ ನೀರಿನಲ್ಲಿದ್ದಳು. ಅವರ ಅಕ್ಕತಂಗಿಯರು ಯಾರೂ ಆ ಬಾವಿಗೆ ಇಳಿದವರಲ್ಲ, ಅದೂ ನನಗೆ ನೆನಪಿದೆ. ವಿಷಯ ಏನೆಂದು ಕೇಳಿಕೊಂಡು ಅವರು ನಕ್ಕುಬಿಟ್ಟರು. ಕಲಿಸುವ ಹುಡುಗಿಯ ಕಡೆ ತಿರುಗಿ, ‘ಇವರಣ್ಣ ಕಾಲುವೇಲಿ ಮುಳುಗೋಗಿದ್ದ. ನಾನೇ ಕೂದ್ಲು ಹಿಡ್ದು ಎತ್ತಿದ್ದು. ಅಲ್ವೇನಮ್ಮ?’ ಎಂದರು.

ಹೇಳುವ ರೀತಿಯಲ್ಲಿ ಕೆಡುಕೇನೂ ಇರಲಿಲ್ಲ. ಬಾಯಿಪಾಠವಾದ ಮಾತು ತಾನಾಗಿ ಬಂದ ಹಾಗಿತ್ತು. ಅವ್ವ ಎಂದಿನಂತೆ ತಲೆ ಬಾಗಿಸಲು ಹೊರಟಳು. ಆ ತಲೆ ಬಾಗುವುದನ್ನು ನನ್ನಿಂದ ನೋಡಲಾಗಲಿಲ್ಲ.

‘ಹೌದು, ನೀವೇ ಎತ್ತಿದ್ದು. ನಮ್ಮಣ್ಣ ಇವತ್ತು ಇದ್ದಾನೆ ಅಂದರೆ ನಿಮ್ಮಿಂದ, ಅದನ್ನ ನಾವು ಮರೆತಿಲ್ಲ,’ ಎಂದೆ. ‘ಆದರೆ ಅವನನ್ನೂ ನಿಮ್ಮ ಜೊತೆ ಆ ಬಾವೀಲಿ ಕಲಿಯಕ್ಕೆ ಬಿಟ್ಟಿದ್ದರೆ ನೀವು ಎತ್ತೋ ಕೆಲಸವೇ ಬರ್ತಿರಲಿಲ್ಲ. ಹೂಳೆತ್ತಕ್ಕೆ ನಮ್ಮಪ್ಪ ಬೇಕಿತ್ತಲ್ಲ.’

ಅವರ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ‘ಆ ಬಾವಿ ಈಗೆಲ್ಲಿ ಬಂತು ಮೇಡಂ, ಮುಚ್ಚಿ ಸೈಟ್ ಮಾಡಿಬಿಟ್ವಿ’ ಎಂದರು. ಅದು ನನ್ನ ಮಾತಿಗೆ ಉತ್ತರವಲ್ಲ ಎಂಬುದು ಅವರಿಗೂ ಗೊತ್ತಿತ್ತು ಅನಿಸುತ್ತದೆ. ಮತ್ತೆ ನೆರಳಿಗೆ ಹೋಗಿ ಕುಳಿತರು, ಫೋನ್ ಮಾತ್ರ ನೋಡಲಿಲ್ಲ. ಅವ್ವ ನನ್ನನ್ನು ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಅವಳು ನಮ್ಮಿಬ್ಬರ ಕಡೆಗೆ ನೋಡುತ್ತಲೇ ಇರಲಿಲ್ಲ.

ಅವಳು ಕೊಳದ ಕಡೆ ನೋಡುತ್ತಿದ್ದಳು. ಕೂಗು ಕೇಳಿ ಮಗಳು ಆ ತುದಿಯಿಂದ ಈ ತುದಿಗೆ ಬರುತ್ತಿದ್ದಳು. ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಕಾಲು ಬಡಿತ ಜಾಸ್ತಿ, ಮುಂದೆ ಸಾಗುವುದು ಕಮ್ಮಿ. ಆದರೂ ಯಾರೂ ಹಿಡಿಯದೆ, ಯಾವ ಹಗ್ಗವೂ ಇಲ್ಲದೆ ನೀರಿನ ಮೇಲೆ ಬರುತ್ತಿದ್ದಳು. ನಮ್ಮ ವಂಶದ ಒಂದು ಜೀವ ನೀರಿನ ಮೇಲೆ ತೇಲುವುದನ್ನು ಅವ್ವ ತನ್ನ ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಮುಷ್ಟಿಯಲ್ಲಿದ್ದ ಫೋನು ಹೊಡೆದುಕೊಂಡಿತು. ಅಣ್ಣ. ‘ಏನವ್ವ, ಅಷ್ಟೊಂದ್ಸಲ ಮಾಡಿದ್ದೀಯ? ಬೆಟ್ಟ ತಲುಪುದೆ, ಊಟಕ್ಕ ಕೂತಿವ್ನಿ.’ ಅವ್ವ ಫೋನು ನನಗೆ ಕೊಟ್ಟಳು. ಮೊಮ್ಮಗಳು ನೀರಿನಲ್ಲಿ, ಮಗ ಊಟದ ಮುಂದೆ. ಎರಡೂ ಒಂದೇ ಗಳಿಗೆಯಲ್ಲಿ ನಿಜವಾಗಿದ್ದವು.

ಆ ಶುಕ್ರವಾರ ಸಂಜೆ ಅವ್ವ ದೇವರ ಮನೆಯಿಂದ ಮುಡಿಪನ್ನು ಕೈಯಲ್ಲಿ ಹಿಡಿದು ಬಂದಳು. ‘ಬೆಟ್ಟಕ್ಕ ಓಗ್ಬೇಕು. ನಿಮ್ಮಣ್ಣಂಗೂ ರಜಾ ಹಾಕಕ್ಕ ಏಳು’ ಎಂದಳು. ಅಲ್ಲಿ ಅಂತರಗಂಗೆಯ ಕಲ್ಯಾಣಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಹೋಗಿ ಮುಡಿಪು ಒಪ್ಪಿಸಿ, ಮಾತು ಬಿಡಿಸಿಕೊಳ್ಳುತ್ತಾಳಂತೆ. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ. ‘ನೀರಿಗೆ ಇಳಿಯಲ್ಲ ಅನ್ನೋ ಹರಕೆ ಬಿಚ್ಚಕ್ಕೆ ನೀರಿಗೇ ಇಳೀಬೇಕಾ?’ ಎಂದು ರೇಗಿಸಿದೆ. ‘ಇಷ್ಟ್ ದಿನ ಅದ್ಕೇಯ ಬಿಚ್ಚಕ್ಕ ಆಗ್ದೆ ಇದ್ದದ್ದು’ ಎಂದಳು. ನಿಜವೇ. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋದಾಗಲೂ ಅವಳು ಕೊನೆಯ ಮೆಟ್ಟಿಲಲ್ಲಿ ಕುಳಿತು ತಲೆಗೆ ನೀರು ಚಿಮುಕಿಸಿಕೊಂಡು ಬರುತ್ತಿದ್ದಳೇ ಹೊರತು ಕಾಲು ಒಳಗಿಟ್ಟವಳಲ್ಲ. ಅಣ್ಣನೂ ಅಷ್ಟೇ. ದಿನವೂ ಬಸ್ಸು ತುಂಬ ಭಕ್ತರನ್ನು ಆ ನೀರಿಗೆ ತಂದು ಇಳಿಸುವವನು, ತಾನು ಮಾತ್ರ ಬಕೆಟ್ಟಿನಲ್ಲಿ ಸ್ನಾನ ಮಾಡಿ ದೇವರ ಮುಖ ನೋಡುವವನು.

ಭಾನುವಾರ ಬೆಳಗ್ಗೆ ಅಂತರಗಂಗೆಯ ತುಂಬ ಜನ. ಉಘೇ ಮಾದಪ್ಪ ಎನ್ನುತ್ತಾ ಮುಳುಗುವವರು, ಮಕ್ಕಳ ಮೂಗು ಹಿಡಿದು ಅದ್ದುವವರು, ಜಡೆ ಹಿಂಡಿಕೊಳ್ಳುವವರು. ನಿಂತ ನೀರೇ. ಆ ನೂಕುನುಗ್ಗಲಿನಲ್ಲಿ ಯಾರೂ ಯಾರ ಬೀದಿಯನ್ನೂ ಕೇಳುವಂತಿರಲಿಲ್ಲ. ಅಣ್ಣ ನಮ್ಮ ಚೀಲಗಳನ್ನೆಲ್ಲ ಎರಡೂ ಕೈಯಲ್ಲಿ ಹಿಡಿದು ಮೇಲಿನ ಮೆಟ್ಟಿಲಲ್ಲೇ ನಿಂತ. ಮಗಳು ಆಗಲೇ ಸೊಂಟದ ಮಟ್ಟದ ನೀರಿನಲ್ಲಿ ನಿಂತು ‘ಬಾ ಅಜ್ಜಿ, ನಾನು ಹಿಡ್ಕೋತೀನಿ’ ಎಂದು ಕೈ ಚಾಚಿದ್ದಳು. ಅವ್ವ ಕೊನೆಯ ಮೆಟ್ಟಿಲಲ್ಲಿ ಕುಳಿತುಬಿಟ್ಟಳು. ಭಯವಾಯಿತೇನೋ ಎಂದು ನಾನೂ ಪಕ್ಕದಲ್ಲಿ ಕುಳಿತೆ.

‘ನಿಂಗ ಕ್ವಾಪ ಅದ ಅಂತ ಗೊತ್ತು,’ ಎಂದಳು. ‘ಅವ್ವಂಗ ಬುದ್ದಿ ಇಲ್ಲ, ದೇವ್ರು ದಿಂಡ್ರು ಅಂತ ಮಕ್ಳ ಕಟ್ಟಾಕುದ್ಲು ಅಂತೀಯ. ಅವತ್ತು ಕಾಲುವೆತವು ದೊಡ್ಡ ಬುದ್ದಿಯೋರೂ ನಿಂತಿದ್ರು ಕಣವ್ವ, ನನ್ ಪಕ್ಕದಲ್ಲೇಯ. ಅವ್ರ ಕಾಲಿಡ್ಕಂಡು ಕೇಳ್ಬೇಕಾಗಿತ್ತು. ನಮ್ ಮಕ್ಳನ್ನೂ ಬಾವಿಗ ಬುಡಿ ಬುದ್ದಿ, ಕಲ್ತ್ಕತವ ಅಂತ. ಮಾತು ಗಂಟ್ಲುಗಂಟ ಬಂತು. ಆಚ್ಗ ಬರ್ನಿಲ್ಲ. ಮನುಷ್ರ ಕೇಳಕ್ಕ ಬಾಯಿ ಬರ್ದೆ ದೇವ್ರತ್ರ ಮಾತಾಡ್ದಿ. ಅವ್ನು ಸುಮ್ಕ ಕೇಳುಸ್ಕತನೆ ನೋಡು.’

ಇಷ್ಟು ವರ್ಷ ಅವಳ ಹರಕೆಯನ್ನು ಅಜ್ಞಾನವೆಂದು ತಿಳಿದಿದ್ದೆ. ಆ ಊರಿನಲ್ಲಿ ಅವಳ ಮಾತು ನಡೆಯುತ್ತಿದ್ದ ಜಾಗ ಎಂದರೆ ಅವಳ ಇಬ್ಬರು ಮಕ್ಕಳು ಮಾತ್ರ. ಬಾವಿಯವರಿಗೆ ‘ಬಿಡಿ’ ಎನ್ನಲಾಗದವಳು ನಮಗೆ ‘ಬೇಡ’ ಎಂದಿದ್ದಳು. ಅತ್ತುಬಿಟ್ಟೆ. ಸುತ್ತ ಎಲ್ಲರ ಮುಖವೂ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅವ್ವ ಮುಡಿಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು. ಮೊಮ್ಮಗಳ ಕೈ ಹಿಡಿದು ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ನೀರು ಮಂಡಿಗೆ ಬಂದಾಗ ಒಂದು ಸಲ ‘ಅಯ್ಯಪ್ಪಾ’ ಎಂದಳು. ‘ಮೂಗು ಹಿಡ್ಕೊ ಅಜ್ಜಿ, ಕಣ್ಣು ಮುಚ್ಚಬೇಡ, ನಾನು ಬಿಡಲ್ಲ’ ಎಂದು ಮಗಳು ಕಲಿಸುವ ಹುಡುಗಿಯ ದನಿಯಲ್ಲೇ ಹೇಳಿಕೊಡುತ್ತಿದ್ದಳು. ಅವ್ವ ಮುಳುಗಿದಳು. ಬೆಳ್ಳನೆಯ ಕೂದಲು ನೀರಿನ ಮೇಲೆ ಹರಡಿತು, ಮರುಗಳಿಗೆಗೆ ತಲೆ ಮೇಲೆ ಬಂತು. ಬಾಯಿ ಮೂಗಿಂದ ನೀರು ಉಗಿಯುತ್ತಾ, ಮುಖ ಒರೆಸಿಕೊಳ್ಳುತ್ತಾ, ಅವಳು ನನ್ನ ಕಡೆ ನೋಡಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಚೀಲ ಹಿಡಿದು ನಿಂತಿದ್ದ, ತಲೆ ನರೆತ ಮಗನ ಕಡೆ ನೋಡಿ ಕೈ ಬೀಸಿದಳು.

‘ಇಳಿಯಪ್ಪ. ಇನ್ ಯಾರ್ನೂ ಕೇಳಂಗಿಲ್ಲ, ಇಳಿ.’

ಅಣ್ಣ ಚೀಲಗಳನ್ನು ಕೆಳಗಿಟ್ಟ.